ಸಿಇ, ಐಎಸ್‌ಐ, ಐಪಿ: ಪ್ಯಾನೆಲ್ ಬೋರ್ಡಿನ ಸುತ್ತ ಇರುವ ನಂಬಿಕೆಗಳು

ರಾಯಚೂರಿನಿಂದ ಕಲ್ಮಲ ದಾಟಿ ಮಾನ್ವಿ, ದೇವದುರ್ಗದ ಕಡೆ ಹೊರಟರೆ ಹತ್ತಿ, ಭತ್ತದ ಸೀಮೆ. ಜಿನ್ನಿಂಗ್ ಮಿಲ್ಲಿರಲಿ, ಅಕ್ಕಿ ಗಿರಣಿಯಿರಲಿ, ಮೋಟಾರುಗಳ ಜುಟ್ಟು ಪ್ಯಾನೆಲ್ ಬೋರ್ಡಿನ ಕೈಯಲ್ಲಿ. ಅದನ್ನು ತಪಾಸಣೆ ಮಾಡುವಾಗ ಯಾವ ಮಾನದಂಡ ಹಿಡಿಯಬೇಕು ಎಂಬಲ್ಲೇ ಗೊಂದಲ ಶುರು.

ನಂಬಿಕೆ: ‘ಸಿಇ ಗುರುತು ಐತಿ, ಇನ್ನೇನ್ ನೋಡ್ತೀರಿ?’

ಸತ್ಯ: ಸಿಇ ಯುರೋಪಿನ ಮಾರುಕಟ್ಟೆಗೆ ಬೇಕಾದ ಗುರುತು. ಇಂಥ ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ ತಯಾರಕರೇ ಅದನ್ನು ಘೋಷಿಸಿಕೊಳ್ಳುತ್ತಾರೆ. ಯುಎಲ್ 508ಎ ಅಮೆರಿಕದ್ದು. ರಾಯಚೂರಿನ ಗಿರಣಿಯಲ್ಲಿ ನಡೆಯುವುದು 2003ರ ವಿದ್ಯುತ್ ಕಾಯ್ದೆ ಮತ್ತು ಅದರಡಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳು.

ನಂಬಿಕೆ: ‘ಒಳಗಿನ ಸಾಮಾನೆಲ್ಲ ಐಎಸ್‌ಐ, ಅಂದಮೇಲೆ ಪ್ಯಾನೆಲ್ಲೂ ಐಎಸ್‌ಐ.’

ಸತ್ಯ: ಎಂಸಿಬಿಯ ಮೇಲಿನ ಮುದ್ರೆ ಎಂಸಿಬಿಗಷ್ಟೇ. ಹತ್ತಾರು ಬ್ರೇಕರ್, ಕಾಂಟ್ಯಾಕ್ಟರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದಾಗ ಏರುವ ಶಾಖ, ಶಾರ್ಟ್ ಸರ್ಕ್ಯೂಟ್ ತಡೆಯುವ ಬಲ ಇವನ್ನೆಲ್ಲ ಅಳೆಯುವುದು ಐಎಸ್/ಐಇಸಿ 61439. ಹಳೆಯ ಐಎಸ್ 8623ರ ಜಾಗಕ್ಕೆ ಬಂದದ್ದು ಇದು. ಒಳಾಂಗಣದ ಪ್ಯಾನೆಲ್‌ಗೆ ಇದು ಇಟ್ಟುಕೊಂಡಿರುವ ಸಾಮಾನ್ಯ ಮಿತಿ ಗರಿಷ್ಠ 40 ಡಿಗ್ರಿ, ದಿನದ ಸರಾಸರಿ 35. ರಾಯಚೂರಿನ ಬೇಸಿಗೆ ಇದನ್ನು ದಾಟುತ್ತದೆ. ಆದ್ದರಿಂದ ಆರ್ಡರ್ ಕೊಡುವಾಗಲೇ ಸ್ಥಳದ ಬಿಸಿಲನ್ನು ತಯಾರಕರಿಗೆ ತಿಳಿಸಬೇಕು; ಇಲ್ಲವಾದರೆ ಫಲಕದಲ್ಲಿ ಬರೆದಷ್ಟು ಆಂಪಿಯರ್ ಹೊರುವ ಭರವಸೆ ಇಲ್ಲ.

ನಂಬಿಕೆ: ಒಂದು ಮಾನದಂಡ ಹಿಡಿದರೆ ಇಡೀ ಗಿರಣಿಗೆ ಸಾಕು.

ಸತ್ಯ: ಕಟ್ಟಡದ ವೈರಿಂಗ್‌ಗೆ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043. ಯಂತ್ರಕ್ಕೆ ಸಪ್ಲೈ ಕೂಡುವ ಬಿಂದುವಿನಿಂದ ಮುಂದೆ, ಎಮರ್ಜೆನ್ಸಿ ಸ್ಟಾಪ್ ಸೇರಿದಂತೆ, ಐಇಸಿ 60204-1. ಈ ಗಡಿ ಮರೆತರೆ ಅಪಾಯ. ಯುರೋಪಿನಿಂದ ಬಂದ ಯಂತ್ರದಲ್ಲಿ ತಿಳಿನೀಲಿ ತಂತಿ ನ್ಯೂಟ್ರಲ್. ನಮ್ಮ ಕೆಂಪು-ಹಳದಿ-ನೀಲಿ ರೂಢಿಯಲ್ಲಿ ನೀಲಿಯೇ ಮೂರನೇ ಫೇಸ್, ನ್ಯೂಟ್ರಲ್ ಕಪ್ಪು. ಬಣ್ಣ ನಂಬದೆ ಡ್ರಾಯಿಂಗ್ ನೋಡಿ, ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಬೇಕು.

ನಂಬಿಕೆ: ಐಪಿ 65 ಅಂದರೆ ಧೂಳಿನ ಬೆಂಕಿಯ ಚಿಂತೆಯಿಲ್ಲ.

ಸತ್ಯ: 6 ಎಂದರೆ ಧೂಳು ಒಳನುಗ್ಗದು, 5 ಎಂದರೆ ನೀರಿನ ಚಿಮ್ಮು ತಡೆಯುತ್ತದೆ. ಅಷ್ಟೇ. ಹತ್ತಿಯ ನಾರು, ಅಕ್ಕಿ ತೌಡು ಹೊತ್ತಿಕೊಳ್ಳಬಲ್ಲವು; ಅಂಥ ಧೂಳಿನ ವಲಯ ಗುರುತಿಸಲು ಐಇಸಿ 60079-10-2 ಬೇರೆಯೇ ಇದೆ. ಗ್ಲ್ಯಾಂಡ್ ಹಾಕದೆ ಕೇಬಲ್‌ಗೆಂದು ಕೊರೆದ ಒಂದು ತೂತು ಐಪಿ ಅಂಕೆಯನ್ನೂ ಕೆಡಿಸುತ್ತದೆ.

ತಪಾಸಣೆ ಪ್ಯಾನೆಲ್‌ನ ಫಲಕದಿಂದಲೇ ಶುರುವಾಗಬಹುದು. ತಯಾರಕರ ಹೆಸರು, ಗುರುತಿನ ಸಂಖ್ಯೆ, ತಯಾರಾದ ದಿನ ತಿಳಿಯುವ ಗುರುತು, ಯಾವ ಭಾಗದ 61439 ಎಂಬುದು, ಈ ನಾಲ್ಕೂ ಅಲ್ಲಿರಬೇಕು. ಇಲ್ಲದಿದ್ದರೆ ಸ್ವಿಚ್ ಹಾಕುವ ಮೊದಲು ತಯಾರಕರಿಂದ ಪರೀಕ್ಷಾ ವರದಿ ತರಿಸಿಕೊಳ್ಳುವುದು ಒಳಿತು.