ಲ್ಯಾಪ್‌ಟಾಪ್‌ನೊಳಗೇ ಹೊಸೆದ ಸೀರಿಯಲ್ ತಂತಿ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಹುಡುಕಿದರೂ ಸಿಗುವುದು ಅಪರೂಪ. ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದರ ಸಹವಾಸ ತಪ್ಪಿಲ್ಲ. ಇಂಟೆಲ್ 1980ರಲ್ಲಿ ಹೊರತಂದ 8051 ಚಿಪ್ಪನ್ನು ಕರ್ನಾಟಕದ ಕಾಲೇಜುಗಳೂ ವರ್ಷಗಟ್ಟಲೆ ಪಾಠ ಮಾಡಿವೆ. ಅದು ಕಂಪ್ಯೂಟರಿನೊಂದಿಗೆ ಮಾತಾಡುವ ಸರಳ ದಾರಿ ಸೀರಿಯಲ್ ತಂತಿಯೇ. ಕೈಯಲ್ಲಿ ಚಿಪ್ಪೂ ಇಲ್ಲ, ತಂತಿಯೂ ಇಲ್ಲ ಎಂದಾದರೆ? ಎರಡರ ಪಾತ್ರವನ್ನೂ ಸಾಫ್ಟ್‌ವೇರೇ ವಹಿಸುತ್ತದೆ.

ಬ್ರಿಟನ್ನಿನ ಲ್ಯಾಬ್‌ಸೆಂಟರ್ ಎಲೆಕ್ಟ್ರಾನಿಕ್ಸ್ ಕಂಪನಿಯ ಪ್ರೋಟಿಯಸ್ ಇಂಥದೊಂದು ಸಿಮ್ಯುಲೇಟರ್. ಪರದೆಯ ಮೇಲಿನ ಸರ್ಕೀಟಿನಲ್ಲಿ 8051 ಇಟ್ಟು, ಕೀಲ್ ಎಂಬ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಹೆಕ್ಸ್ ಫೈಲ್ ತುಂಬಿದರೆ ಪ್ರೋಗ್ರಾಂ ಓಡತೊಡಗುತ್ತದೆ. ಜೊತೆಗೆ ‘ಕಾಂಪಿಮ್’ ಎಂಬ ಭಾಗ ಸೇರಿಸಿದರೆ ಸಿಮ್ಯುಲೇಟರಿನಿಂದ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ, ಅಂದರೆ ಕಾಮ್ ಪೋರ್ಟಿಗೆ, ದಾರಿ ತೆರೆಯುತ್ತದೆ. ಆಚೆ ಬದಿಯಲ್ಲಿ ಪುಟ್ಟಿ ಅಥವಾ ಟೆರಾ ಟರ್ಮ್‌ನಂಥ ಟರ್ಮಿನಲ್ ಕಾದಿರುತ್ತದೆ.

ತೊಡಕು ಇರುವುದು ಇಲ್ಲೇ. ಸಿಮ್ಯುಲೇಟರ್, ಟರ್ಮಿನಲ್ ಎರಡಕ್ಕೂ ಕಾಮ್ 3 ಎಂದು ಕೊಟ್ಟರೆ, ಎರಡನೆಯದನ್ನು ವಿಂಡೋಸ್ ಒಳಗೆ ಬಿಡುವುದಿಲ್ಲ. ಹಾಗಾಗಿ ಬೇಕಾಗುವುದು ಪೋರ್ಟ್‌ಗಳ ಜೋಡಿ. ಕಾಮ್0ಕಾಮ್ ಎಂಬ ಮುಕ್ತ ತಂತ್ರಾಂಶ ಅದನ್ನು ಸೃಷ್ಟಿಸುತ್ತದೆ: ಕಾಮ್ 3ಕ್ಕೆ ಬರೆದದ್ದು ಕಾಮ್ 4ರಲ್ಲಿ ಹೊರಬರುತ್ತದೆ, ಅಲ್ಲಿ ಬರೆದದ್ದು ಇಲ್ಲಿ. ಕಾಂಪಿಮ್‌ಗೆ ಒಂದು ತುದಿ, ಪುಟ್ಟಿಗೆ ಇನ್ನೊಂದು. ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ಸೊಕ್ಯಾಟ್ ಒಂದು ಸಾಲಿನ ಆದೇಶದಲ್ಲಿ ಮುಗಿಸುತ್ತದೆ.

ಜೋಡಣೆ ಮುಗಿದ ಮೇಲೂ ಪರದೆ ಖಾಲಿ ಉಳಿದರೆ ಗಾಬರಿ ಬೇಡ. ಒತ್ತಿದ ಅಕ್ಷರವನ್ನು ಚಿಪ್ ಮರಳಿ ಕಳಿಸದಿದ್ದರೆ ಟರ್ಮಿನಲ್ ಸಾಮಾನ್ಯವಾಗಿ ಅದನ್ನು ತೋರಿಸುವುದಿಲ್ಲ. ಸಾಲುಗಳು ಮೆಟ್ಟಿಲಿನಂತೆ ಓರೆಯಾಗಿ ಇಳಿದರೆ, ಪ್ರೋಗ್ರಾಂ ‘ಲೈನ್ ಫೀಡ್’ ಮಾತ್ರ ಕಳಿಸಿ ‘ಕ್ಯಾರೇಜ್ ರಿಟರ್ನ್’ ಮರೆತಿದೆ. ಕಾಗದವನ್ನು ಸರಿಸುವುದು, ಅಚ್ಚಿನ ತಲೆಯನ್ನು ಎಡಕ್ಕೆ ತರುವುದು ಬೇರೆ ಬೇರೆ ಕೆಲಸವಾಗಿದ್ದ ಟೆಲಿಪ್ರಿಂಟರ್ ಕಾಲದ ಪಳೆಯುಳಿಕೆ ಇದು.

ಬಾಡ್ ದರದ, ಅಂದರೆ ಬಿಟ್‌ಗಳು ಸಾಗುವ ವೇಗದ, ಲೆಕ್ಕ ಇನ್ನೂ ಸೂಕ್ಷ್ಮ. 8051ಕ್ಕೆ 11.0592 ಮೆಗಾಹರ್ಟ್ಸ್‌ನ ವಿಚಿತ್ರ ಕ್ರಿಸ್ಟಲ್ ಕೂರಿಸುವುದಕ್ಕೆ ಕಾರಣವಿದೆ. ಅದನ್ನು 12ರಿಂದ, 32ರಿಂದ, ಮತ್ತೆ 3ರಿಂದ ಭಾಗಿಸಿದರೆ ಕರಾರುವಾಕ್ಕಾಗಿ 9600 ಸಿಗುತ್ತದೆ. ದುಂಡಗಿನ 12 ಮೆಗಾಹರ್ಟ್ಸ್ ಹಾಕಿದರೆ ಬರುವುದು ಸುಮಾರು 10,417. ಅಂದರೆ ಶೇ 8.5ರಷ್ಟು ವ್ಯತ್ಯಾಸ. ಹತ್ತು ಬಿಟ್‌ಗಳ ಒಂದು ಅಕ್ಷರ ಮುಗಿಯುವಷ್ಟರಲ್ಲಿ ತಾಳ ತಪ್ಪಿ ಪರದೆ ತುಂಬ ಕಸ.

ಈ ತಪ್ಪನ್ನು ಎಲ್ಲ ಸಿಮ್ಯುಲೇಟರ್‌ಗಳೂ ತೋರಿಸುವುದಿಲ್ಲ. ಎವಿಆರ್ ಚಿಪ್‌ಗಳನ್ನು ಅನುಕರಿಸುವ ಸಿಮ್‌ಎವಿಆರ್ ಅಕ್ಷರಗಳನ್ನು ಬಿಟ್ ಬಿಟ್ಟಾಗಿ ಅಲ್ಲ, ಇಡಿಯಾಗಿ ದಾಟಿಸುತ್ತದೆ. ದರ ತಪ್ಪಿದ್ದರೂ ಅಲ್ಲಿ ಅಚ್ಚುಕಟ್ಟಾದ ಪಠ್ಯವೇ ಕಾಣುತ್ತದೆ. ವೋಲ್ಟೇಜ್ ಕಥೆಯೂ ಅಷ್ಟೆ: ಕಾಂಪಿಮ್‌ಗೆ ಚಿಪ್ಪಿನ ಪಿನ್ನನ್ನೇ ನೇರ ಜೋಡಿಸಬಹುದು, ನಿಜವಾದ ಆರ್‌ಎಸ್-232 ಸೀರಿಯಲ್ ಪೋರ್ಟಿಗಾದರೆ ನಡುವೆ ಮ್ಯಾಕ್ಸ್232ನಂಥ ವೋಲ್ಟೇಜ್ ಪರಿವರ್ತಕ ಬೇಕು. ಸಿಮ್ಯುಲೇಟರಿನಲ್ಲಿ ಗೆದ್ದ ಪ್ರೋಗ್ರಾಂ ಬೋರ್ಡಿನಲ್ಲಿ ಮೌನವಾದರೆ ಮೊದಲು ನೋಡಬೇಕಾದವು ಕ್ರಿಸ್ಟಲ್ಲಿನ ಮೇಲಿನ ಅಂಕಿ ಮತ್ತು ಈ ಪರಿವರ್ತಕ.