ಒಂಟಿ ಹಾರಾಟದ ಮರುದಿನ

ವಿಮಾನ ನಡೆಸುವುದನ್ನು ಕಲಿಯುವವರ ಬಾಳಿನಲ್ಲಿ ಮರೆಯಲಾಗದ ದಿನವೊಂದಿದೆ. ಅಂದು ಬೋಧಕನು ಪಕ್ಕದ ಆಸನದಿಂದ ಕೆಳಗಿಳಿದು, ಬಾಗಿಲು ಮುಚ್ಚಿ, "ಇನ್ನು ನೀವೊಬ್ಬರೇ ಒಂದು ಸುತ್ತು ಹೋಗಿಬನ್ನಿ" ಎನ್ನುತ್ತಾನೆ. ರನ್‌ವೇಯಿಂದ ಮೇಲೆದ್ದು, ನಿಲ್ದಾಣಕ್ಕೊಂದು ಪ್ರದಕ್ಷಿಣೆ ಹಾಕಿ, ಮತ್ತೆ ನೆಲ ಮುಟ್ಟುವುದಕ್ಕೆ ಹಿಡಿಯುವ ಕಾಲ ಹತ್ತು ನಿಮಿಷದಷ್ಟು. ಆದರೆ ಆ ಹತ್ತು ನಿಮಿಷ ಕಳೆದು ಇಳಿದುಬಂದವನು ಏರಿಹೋದವನಲ್ಲ. ಆಕಾಶದಲ್ಲಿ ತಾನೊಬ್ಬನೇ ಇದ್ದು ಬಂದವನು!

ನಮ್ಮ ದೇಶದಲ್ಲಿ ಗೆಳೆಯರು ಅವನ ತಲೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು ಸಂಭ್ರಮಿಸುತ್ತಾರೆ. ಅಮೆರಿಕದಲ್ಲಿ ಅಂಗಿಯ ಹಿಂಬದಿಯ ಅಂಚನ್ನು ಕತ್ತರಿಸಿ ಗೋಡೆಗೆ ತೂಗುಹಾಕುವ ಪದ್ಧತಿಯಿದೆ. ಹಿಂದಿನ ವಿಮಾನಗಳಲ್ಲಿ ಬೋಧಕನು ಶಿಷ್ಯನ ಬೆನ್ನ ಹಿಂದೆ ಕುಳಿತು, ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸದೆ, ಅವನ ಅಂಗಿಯನ್ನು ಜಗ್ಗಿ ಸೂಚನೆ ಕೊಡುತ್ತಿದ್ದನಂತೆ. ಇನ್ನು ಜಗ್ಗುವ ಅಗತ್ಯವಿಲ್ಲವೆಂಬುದೇ ಆ ಕತ್ತರಿಯ ಅರ್ಥ.

ಉತ್ಸವವೇನೋ ಮುಗಿಯಿತು. ಮರುದಿನ? ಪೈಲಟ್ ಆಗಬಯಸುವವನ ನಿಜವಾದ ಪರೀಕ್ಷೆ ಆರಂಭವಾಗುವುದು ಆಗಲೇ.

ಒಂದು ಸುತ್ತು ಹೇಳುವುದೇನು?

ಮೊದಲ ಒಂಟಿ ಹಾರಾಟಕ್ಕೆ ಬೋಧಕನು ಗಾಳಿ ಶಾಂತವಾಗಿರುವ ಹೊತ್ತನ್ನೇ ಆರಿಸುತ್ತಾನೆ. ನಿಲ್ದಾಣ ಪರಿಚಿತವಾದದ್ದು, ರನ್‌ವೇ ಸದಾ ಕಣ್ಣಿಗೆ ಕಾಣುವಷ್ಟು ಹತ್ತಿರ. ಹೊಸತೆಂದರೆ ಒಂದೇ: ಬೋಧಕನ ತೂಕ ಇಲ್ಲದ ಕಾರಣ ವಿಮಾನ ಬೇಗನೆ ಮೇಲೇರುತ್ತದೆ, ಇಳಿಯುವಾಗ ಇನ್ನಷ್ಟು ದೂರ ತೇಲುತ್ತದೆ. ಇಷ್ಟನ್ನು ನಿಭಾಯಿಸಿದವನು ಏರಬಲ್ಲ, ಸುತ್ತಬಲ್ಲ, ಇಳಿಯಬಲ್ಲ ಎಂಬುದು ಸಿದ್ಧವಾಯಿತು. ಆದರೆ ಅಡ್ಡಗಾಳಿಯಲ್ಲಿ ಇಳಿಯುವುದು, ದಾರಿ ಕಂಡುಹಿಡಿಯುವುದು, ಎಂಜಿನ್ ನಿಂತರೆ ಹೊಲವೊಂದನ್ನು ಆರಿಸಿಕೊಳ್ಳುವುದು, ಮೋಡ ಕವಿದರೆ ಹಿಂದಿರುಗುವುದು, ಇವೆಲ್ಲ ಇನ್ನೂ ಬಾಕಿ. ಸಂಗೀತದಲ್ಲಿ ಗೀತೆ ಹಾಡಲು ಬಂದವನು ಕಚೇರಿಗೆ ಕೂರಲಾರನಷ್ಟೆ?

ಲಿಂಡ್‌ಬರ್ಗನ ಅನುಭವ

1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ ಹಾರಿ ಜಗದ್ವಿಖ್ಯಾತನಾದ ಚಾರ್ಲ್ಸ್ ಲಿಂಡ್‌ಬರ್ಗನ ವಿದ್ಯಾರ್ಥಿದೆಸೆ ಈ ವಿಷಯದಲ್ಲಿ ಬೋಧಪ್ರದವಾದುದು. 1922ರಲ್ಲಿ ನೆಬ್ರಾಸ್ಕದ ಲಿಂಕನ್ ನಗರದಲ್ಲಿ ಅವನು ಸುಮಾರು ಎಂಟು ಗಂಟೆಗಳ ಪಾಠ ಪಡೆದ. ವಿಮಾನಕ್ಕೆ ಹಾನಿಯಾದರೆ ತುಂಬಿಕೊಡಲು ಮುಂಗಡ ಠೇವಣಿ ಕೇಳಿದರು, ಹಣವಿರಲಿಲ್ಲ. ಒಂಟಿಯಾಗಿ ಹಾರದೆಯೇ ಶಾಲೆ ಬಿಡಬೇಕಾಯಿತು.

1923ರ ವಸಂತಕಾಲದಲ್ಲಿ ಅವನು ಜಾರ್ಜಿಯ ಪ್ರಾಂತದ ಅಮೆರಿಕಸ್ ಎಂಬ ಊರಿಗೆ ಹೋಗಿ, ಸೈನ್ಯ ಬಳಸಿ ಬಿಟ್ಟಿದ್ದ 'ಜೆನ್ನಿ' ವಿಮಾನವೊಂದನ್ನು 500 ಡಾಲರಿಗೆ ಕೊಂಡ. ನಡುವೆ ತಿಂಗಳುಗಟ್ಟಲೆ ಅಭ್ಯಾಸ ತಪ್ಪಿಹೋಗಿತ್ತು. ಮೊದಲ ಯತ್ನದಲ್ಲಿ ವಿಮಾನ ನೆಲದಿಂದ ತುಸು ಎದ್ದು, ಓಲಾಡಿ, ಕುಪ್ಪಳಿಸಿ ಕುಳಿತಿತು. ಮೈದಾನದಲ್ಲಿದ್ದ ಅಪರಿಚಿತ ಪೈಲಟ್ ಒಬ್ಬನು ಇದನ್ನು ಕಂಡು ತಾನೇ ಜೊತೆಯಲ್ಲಿ ಕುಳಿತು ಕೆಲವು ಸಲ ಇಳಿಸುವುದನ್ನು ಅಭ್ಯಾಸ ಮಾಡಿಸಿದ. ಸಂಜೆ ಗಾಳಿ ಅಡಗುವ ತನಕ ಕಾಯಲು ಹೇಳಿದ. ಲಿಂಡ್‌ಬರ್ಗ್ ಕಾದ. ಅಂದು ಸಂಜೆ ಒಬ್ಬನೇ ಹಾರಿದ.

ಅದೇ ಮೈದಾನದ ಸುತ್ತ ಒಂದು ವಾರ ಅಭ್ಯಾಸ ಮಾಡಿ ಅವನು ದೂರಪ್ರಯಾಣಕ್ಕೆ ಹೊರಟೇಬಿಟ್ಟ. ಮಿಸ್ಸಿಸಿಪ್ಪಿಯಲ್ಲಿ ದಾರಿ ತಪ್ಪಿತು. ಮೇಬನ್ ಎಂಬ ಊರಿನ ಬಳಿ ಹುಲ್ಲುಗಾವಲಿನಲ್ಲಿ ಇಳಿದಾಗ ವಿಮಾನ ಹಳ್ಳಕ್ಕೆ ಮುಗ್ಗರಿಸಿ ಪ್ರೊಪೆಲ್ಲರ್ ಮುರಿಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲವೆಂಬುದೇ ಪುಣ್ಯ. ಹಾರುವುದು ಬಂದಿತ್ತು, ದಾರಿ ಹಿಡಿಯುವ ವಿದ್ಯೆ ಇನ್ನೂ ಬಂದಿರಲಿಲ್ಲ. ಮುಂದೆ 1924ರಲ್ಲಿ ಇದೇ ಲಿಂಡ್‌ಬರ್ಗ್ ಸೈನ್ಯದ ವಿಮಾನಶಾಲೆಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತು, ಮರುವರ್ಷ ತೇರ್ಗಡೆಯಾದ. ಅವನ ಹಿರಿಮೆ ಇರುವುದು ಇಲ್ಲಿ.

ಈ ಒಂದೇ ಕಥೆಯಲ್ಲಿ ಎರಡು ಎಚ್ಚರಿಕೆಗಳಿವೆ. ನಡುವೆ ಬಿಟ್ಟ ಅಭ್ಯಾಸ ಕೈಯನ್ನು ಕೆಡಿಸುತ್ತದೆ. ಅವಸರದ ಜಿಗಿತ ಬುದ್ಧಿಯನ್ನು ಕೆಡಿಸುತ್ತದೆ.

ಗಂಟೆಗಳ ಲೆಕ್ಕ

ಇಂದಿನ ನಿಯಮಗಳು ಈ ಅನುಭವಗಳ ಮೇಲೆಯೇ ನಿಂತಿವೆ ಎನ್ನಬಹುದು. ಖಾಸಗಿ ಪೈಲಟ್ ಲೈಸೆನ್ಸಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಅದರಲ್ಲಿ 20 ಗಂಟೆ ಬೋಧಕನೊಡನೆ, 10 ಗಂಟೆ ಒಂಟಿಯಾಗಿ. ಒಂಟಿ ಹಾರಾಟದಲ್ಲಿ 5 ಗಂಟೆ ದೂರಪ್ರಯಾಣ. ಅದರಲ್ಲೊಮ್ಮೆ 150 ನಾಟಿಕಲ್ ಮೈಲಿ, ಎಂದರೆ ಸುಮಾರು 278 ಕಿಲೋಮೀಟರು, ಕ್ರಮಿಸಿ ಮೂರು ಕಡೆ ಇಳಿಯಬೇಕು. ರಾತ್ರಿಯ ಹಾರಾಟವೂ ಉಂಟು. ಭಾರತದಲ್ಲಿಯೂ ಕನಿಷ್ಠ 40 ಗಂಟೆಗಳೇ. ಲೈಸೆನ್ಸಿಗೆ ವಯಸ್ಸು 17 ತುಂಬಿರಬೇಕು.

ಆದರೆ ಕನಿಷ್ಠವೆಂಬುದು ಎಲ್ಲರಿಗೂ ಸಾಕಾಗುವ ಅಳತೆಯಲ್ಲ. ಅಮೆರಿಕದಲ್ಲಿ ಅರುವತ್ತು ಎಪ್ಪತ್ತು ಗಂಟೆಗಳಾಗುವುದು ಸಾಮಾನ್ಯ. ಹೆಚ್ಚಿನ ಗಂಟೆಗಳೆಲ್ಲ ದಡ್ಡತನದ ದಂಡವೆಂದು ಭಾವಿಸಬೇಕಾಗಿಲ್ಲ. ಅನೇಕ ವೇಳೆ ಅದು ಬಿಡುವಿನ ಬೆಲೆ. ಮೂರು ವಾರ ಹಾರದೆ ಬಂದವನು ಹೊಸ ಪಾಠಕ್ಕೆ ಮೊದಲು ಹಳೆಯದನ್ನು ಮತ್ತೆ ಕಲಿಯಬೇಕು; ಆ ಗಂಟೆಗೂ ಹಣ ತೆರಬೇಕು. ಇಳಿಯುವ ಕಲೆಯಂತೂ ಬಹು ಬೇಗ ಕೈಬಿಟ್ಟುಹೋಗತಕ್ಕದ್ದು. ಆದಕಾರಣವೇ ಅಮೆರಿಕದಲ್ಲಿ ಒಂಟಿ ಹಾರಾಟಕ್ಕೆ ಬೋಧಕನು ಬರೆದುಕೊಟ್ಟ ಅನುಮತಿ 90 ದಿನಗಳಿಗೆ ಮಾತ್ರ ಸಲ್ಲುತ್ತದೆ. ಆಮೇಲೆ ಅವನು ಮತ್ತೆ ನೋಡಿ ಒಪ್ಪಬೇಕು.

ವಾರಕ್ಕೆ ಎಷ್ಟು?

ವಾರಕ್ಕೆ ಎರಡು ಅಥವಾ ಮೂರು ಪಾಠ ಎಂಬುದು ಅನುಭವಿಗಳ ಸಾಮಾನ್ಯ ಸಲಹೆ. ವಾರಕ್ಕೊಂದಾದರೆ ಕಲಿತದ್ದು ನಿಲ್ಲುತ್ತದೆ, ಮುಂದೆ ಸಾಗುವುದು ನಿಧಾನ. ತಿಂಗಳಿಗೊಂದಾದರೆ ಕಲಿತದ್ದೂ ಸೋರಿಹೋಗುತ್ತದೆ. ಹಾಗೆಂದು ಒಂದೇ ದಿನ ಪಾಠದ ಮೇಲೆ ಪಾಠ ತುರುಕುವುದೂ ಸಲ್ಲದು. ಒಂದು ಗಂಟೆಯ ಹಾರಾಟ ಹೊಸಬನ ಮನಸ್ಸನ್ನು ಎಷ್ಟು ದಣಿಸುತ್ತದೆಂಬುದು ಅವನಿಗೇ ತಿಳಿಯದು. ಕೆಳಗಿಳಿದ ಮೇಲೆ ಬೋಧಕನೊಡನೆ ಕುಳಿತು ನಡೆದುದನ್ನು ಚರ್ಚಿಸಿ, ರಾತ್ರಿ ನಿದ್ರೆ ಮಾಡಿದಾಗಲೇ ಪಾಠ ಮೈಗೂಡುವುದು.

ಹವೆಯೂ ಯಜಮಾನನೇ. ನಮ್ಮಲ್ಲಿ ಮುಂಗಾರಿನ ತಗ್ಗು ಮೋಡ ದಿನಗಟ್ಟಲೆ ವಿಮಾನವನ್ನು ಕಟ್ಟಿಹಾಕಬಹುದು. ಬೇಸಗೆಯ ಮಧ್ಯಾಹ್ನ ಕಾದ ನೆಲದಿಂದೇಳುವ ಗಾಳಿ ಚಿಕ್ಕ ವಿಮಾನವನ್ನು ಕುಲುಕಾಡಿಸುತ್ತದೆ, ಮುಂಜಾನೆಯೇ ಲೇಸು. ಹಾರಲಾಗದ ದಿನ ವ್ಯರ್ಥವಾಗಬೇಕೆಂದೇನೂ ಇಲ್ಲ. ಮನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಎಂಜಿನ್ ಶುರುಮಾಡುವುದರಿಂದ ಇಳಿಯುವವರೆಗಿನ ಕ್ರಮವನ್ನೆಲ್ಲ ಬಾಯಲ್ಲಿ ಹೇಳುತ್ತ, ಕೈಯಲ್ಲಿ ನಟಿಸುತ್ತ ಅಭ್ಯಾಸ ಮಾಡಬಹುದು. ಕಾಸು ಖರ್ಚಿಲ್ಲ, ಪೆಟ್ರೋಲೂ ಬೇಡ!

ಕೈ ತಪ್ಪುವ ದಿನಗಳು

ಮೊದಲ ಒಂಟಿ ಹಾರಾಟದ ಕೆಲವು ವಾರಗಳಲ್ಲಿ ವಿಚಿತ್ರವೊಂದು ನಡೆಯುವುದುಂಟು. ನಿನ್ನೆ ಸೊಗಸಾಗಿ ಇಳಿಸಿದವನು ಇಂದು ಧೊಪ್ಪನೆ ಇಳಿಸುತ್ತಾನೆ. ಕಲಿಕೆಯ ಏಣಿಯಲ್ಲಿ ಇದೊಂದು ಸಮತಟ್ಟಾದ ಮೆಟ್ಟಿಲು. ಅನೇಕರು ಎದೆಗುಂದಿ ಕಲಿಕೆಯನ್ನೇ ಬಿಡುವುದು ಇಲ್ಲಿ. ಬಲ್ಲ ಬೋಧಕನು ಗದರಿಸುವುದಿಲ್ಲ; ಕೆಲವು ದಿನ ಇಳಿಯುವ ಅಭ್ಯಾಸ ಬಿಡಿಸಿ, ದಾರಿ ಹಿಡಿಯುವುದನ್ನೋ ತಿರುವುಗಳನ್ನೋ ಕಲಿಸುತ್ತಾನೆ. ಕೈ ತಾನಾಗಿ ಮರಳುತ್ತದೆ.

ಇದಕ್ಕಿಂತ ಅಪಾಯಕರವಾದುದು ಇದರ ವಿರುದ್ಧದ ಸ್ಥಿತಿ: ಎಲ್ಲವೂ ಬಂದಿತೆಂಬ ಭಾವ. ಪಾಲ್ ಕ್ರೇಗ್ ಎಂಬ ಅಮೆರಿಕದ ಲೇಖಕರು 2001ರ ತಮ್ಮ ಪುಸ್ತಕವೊಂದರಲ್ಲಿ, 50ರಿಂದ 350 ಗಂಟೆ ಹಾರಿದವರಿಗೇ ಅಪಾಯ ಹೆಚ್ಚೆಂದು ವಾದಿಸಿದರು. ಗಂಟೆಗಳ ಎಲ್ಲೆಯ ಬಗೆಗೆ ಆಮೇಲೆ ಚರ್ಚೆ ನಡೆದಿದೆ. ಆದರೆ ಬೋಧಕನ ಕಣ್ಣು ತಪ್ಪಿ, ಸ್ವಂತ ವಿವೇಕ ಇನ್ನೂ ಬಲಿಯದ ಕಾಲ ಕಠಿಣವೆಂಬುದನ್ನು ಒಪ್ಪದವರು ವಿರಳ.

ಬೇಗವೋ, ನಿಧಾನವೋ?

ಶ್ರೀ ಜೆ. ಆರ್. ಡಿ. ಟಾಟಾ ಅವರು 1929ರಲ್ಲಿ ಮುಂಬಯಿಯಲ್ಲಿ ಕೇವಲ ಮೂರೂವರೆ ಗಂಟೆಗಳ ಪಾಠದ ಮೇಲೆ ಒಂಟಿಯಾಗಿ ಹಾರಿದರು. ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಮೊದಲನೆಯ ಲೈಸೆನ್ಸು ಅವರದಾಯಿತು. ಅಮೆರಿಕದ ಅಮೀಲಿಯ ಇಯರ್‌ಹಾರ್ಟ್ 1921ರ ಜನವರಿಯಲ್ಲಿ ಪಾಠ ಆರಂಭಿಸಿ, ಟೆಲಿಫೋನ್ ಕಂಪನಿಯಲ್ಲಿ ದುಡಿದು ಶುಲ್ಕ ತೆತ್ತು, ಲೈಸೆನ್ಸು ಪಡೆದದ್ದು 1923ರ ಮೇ ತಿಂಗಳಲ್ಲಿ. ಒಬ್ಬರಿಗೆ ದಿನಗಳು ಸಾಕಾದವು, ಇನ್ನೊಬ್ಬರಿಗೆ ವರ್ಷಗಳು ಬೇಕಾದವು. ಇಬ್ಬರ ಹೆಸರೂ ವೈಮಾನಿಕ ಚರಿತ್ರೆಯಲ್ಲಿ ಉಳಿದಿದೆ. ನಿಧಾನವೆಂದರೆ ನಿಲುಗಡೆಯಲ್ಲ, ವೇಗವೆಂದರೆ ಅವಸರವಲ್ಲ.

ನಮ್ಮ ಬೆಂಗಳೂರಿನ ಜಕ್ಕೂರು ಮೈದಾನವೂ ಅನೇಕ ತಲೆಮಾರಿನ ತರುಣರಿಗೆ ರೆಕ್ಕೆ ಕೊಟ್ಟಿದೆ. ಮಗನಾಗಲಿ ಮಗಳಾಗಲಿ ಅಂಥದೊಂದು ಮೈದಾನದಿಂದ ನೀರಲ್ಲಿ ತೊಯ್ದು ನಗುತ್ತ ಮನೆಗೆ ಬಂದ ದಿನ ತಂದೆತಾಯಿಗಳು ಪಾಯಸ ಮಾಡಿ ಬಡಿಸಲಿ, ಸಂತೋಷ. ಆದರೆ "ಲೈಸೆನ್ಸು ಯಾವಾಗ?" ಎಂದು ದಿನವೂ ಕೇಳದಿರುವುದು ಮೇಲು. "ಇಂದು ಗಾಳಿ ಸರಿಯಿರಲಿಲ್ಲ, ಹಾರದೆ ಬಂದೆ" ಎಂದು ಹೇಳಿದ ದಿನ ಮಾತ್ರ ಬೆನ್ನು ತಟ್ಟಲು ಮರೆಯಬಾರದು. ಮಗು ಪೈಲಟ್ ಆಗುತ್ತಿರುವುದರ ಗುರುತು ಅದು.