ಕೆರೆಗಳಿಗೆ ಪ್ರತಿ ವರ್ಷ ಮೀನುಮರಿ ಬಿತ್ತನೆ ಏಕೆ?

ಮಾಗಡಿ ತಾಲ್ಲೂಕಿನ ಕೆರೆಗಳಲ್ಲಿ ಮೀನು ಪಾಲನೆ ಕೈಗೊಳ್ಳಲು ಮೀನುಮರಿಗಾಗಿ ಅರ್ಜಿ ಸಲ್ಲಿಸುವವರಲ್ಲಿ ಒಂದು ಸಂದೇಹವಿರುವುದು ಸಹಜ. ಹಿಂದೆ ಬಿಟ್ಟ ಕಾಟ್ಲಾ, ರೋಹು ಮೀನುಗಳು ದೊಡ್ಡವಾದ ಮೇಲೆ ಅವುಗಳ ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುವುದು ಕಣ್ಣಿಗೇ ಕಾಣುತ್ತದೆ. ಹಾಗಿರುವಾಗ ಕೆಲವನ್ನು ಹಿಡಿಯದೆ ಉಳಿಸಿದರೆ ಅವೇ ಮರಿ ಮಾಡುವುದಿಲ್ಲವೇ, ಮತ್ತೆ ಹಣ ತೆತ್ತು ಮರಿ ತರುವುದೇಕೆ ಎಂಬುದೇ ಆ ಸಂದೇಹ. ಹೀಗೆ ನಂಬಿ ಬಿತ್ತನೆ ಕೈಬಿಟ್ಟವರಿಗೆ ಮರುವರ್ಷ ದೊರೆಯುವುದು ಉಳಿಸಿಕೊಂಡ ಅವೇ ಮೀನುಗಳು ಮಾತ್ರ. ಗುತ್ತಿಗೆ ಹಣವನ್ನಂತೂ ಪಾವತಿಸಲೇಬೇಕಾಗುತ್ತದೆ.

ಕಾಟ್ಲಾ, ರೋಹು ಮತ್ತು ಮೃಗಾಲ್ ಮೂಲತಃ ಗಂಗೆಯೇ ಮೊದಲಾದ ಉತ್ತರ ಭಾರತದ ನದಿಗಳ ಮೀನುಗಳಾಗಿರುತ್ತವೆ. ಮಳೆಗಾಲದಲ್ಲಿ ನದಿ ಉಕ್ಕಿ ದಡದ ತಗ್ಗುಗಳಿಗೆ ಹೊಸ ನೀರು ಹರಡಿದಾಗ ಹೆಣ್ಣು ಮೊಟ್ಟೆ ಇಡುತ್ತದೆ, ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ. ನಿಂತ ನೀರಿನ ಕೆರೆಯಲ್ಲಿ ಅಂಡಾಶಯವೇನೋ ಬಲಿಯುತ್ತದೆ. ಆದರೆ ಮೊಟ್ಟೆ ಹೊರಬೀಳಲು ಬೇಕಾದ ಹಾರ್ಮೋನು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಸಾಕಷ್ಟು ಬಿಡುಗಡೆಯಾಗುವುದಿಲ್ಲ. ಒಂದು ಕಿಲೋ ತೂಕಕ್ಕೆ ಸುಮಾರು 2 ಲಕ್ಷ ಮೊಟ್ಟೆ ಹೊರುವ ರೋಹುವಿನಲ್ಲಿಯೂ ಅವು ದೇಹದೊಳಗೇ ಕರಗಿಹೋಗುತ್ತವೆ. ನದಿಗೆ ಅಡ್ಡಲಾಗಿ ಕಟ್ಟಿದ ಕೆಲವು ಜಲಾಶಯಗಳಲ್ಲಿ, ಪ್ರವಾಹ ಬಂದು ಸೇರುವ ಭಾಗದಲ್ಲಿ ಇವು ಮೊಟ್ಟೆ ಇಡುವುದುಂಟು. ತಾಲ್ಲೂಕಿನಲ್ಲಿ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯವಿದೆಯಾದರೂ, ಮಳೆನೀರು ತುಂಬಿ ನಿಲ್ಲುವ ಗ್ರಾಮದ ಕೆರೆಗೆ ಜಲಾಶಯದ ಲೆಕ್ಕ ಹೊಂದುವುದಿಲ್ಲ.

ಕರಾವಳಿಯ ಬೂತಾಯಿ, ಬಂಗುಡೆ ಮೀನುಗಳು ಸಮುದ್ರದಲ್ಲಿ ತಾವಾಗಿಯೇ ಸಂತಾನೋತ್ಪತ್ತಿ ಮಾಡುತ್ತವೆ. ಆದ್ದರಿಂದ ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಿ ಸಂತತಿಯನ್ನು ಕಾಯಲಾಗುತ್ತದೆ. ಮಾಗಡಿಯ ಕೆರೆಯಲ್ಲಿ ಎಷ್ಟು ತಿಂಗಳು ಬಲೆ ಹಾಕದಿದ್ದರೂ ಕಾಟ್ಲಾ ಮರಿ ಹುಟ್ಟುವುದಿಲ್ಲ.

ಹಿಂದೆ ಈ ಮೀನುಗಳ ಮರಿಗಳನ್ನು ನದಿಗಳಿಂದಲೇ ಸಂಗ್ರಹಿಸಬೇಕಾಗಿತ್ತು. ಬೇಡದ ಜಾತಿಗಳೂ ಅವುಗಳೊಡನೆ ಬೆರೆತು ಬರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಆಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ. ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ನೀಡಿ ಇವುಗಳಿಂದ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವನ್ನಾಗಿ ಆಚರಿಸಲಾಗುತ್ತಿದೆ. ಈಗ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಸಿದ್ಧ ಹಾರ್ಮೋನನ್ನೇ ಬಳಸಲಾಗುತ್ತದೆ. ಮೊಟ್ಟೆಗಳು ಒಂದು ದಿನದೊಳಗೆ ಒಡೆಯುತ್ತವೆ. ಮರಿ ಬೆರಳುದ್ದವಾಗಲು ಎರಡು ಮೂರು ತಿಂಗಳು ಬೇಕಾಗುತ್ತದೆ. ಕೊರವ ಮೊದಲಾದ ಮಾಂಸಾಹಾರಿ ಮೀನುಗಳಿರುವ ಕೆರೆಗೆ ಇದಕ್ಕಿಂತ ಚಿಕ್ಕ ಮರಿ ಬಿಟ್ಟರೆ ಅವುಗಳಿಗೆ ಆಹಾರ ಒದಗಿಸಿದಂತೆಯೇ ಸರಿ.

ಸಾಮಾನ್ಯ ಗೆಂಡೆ ಮಾತ್ರ ನಿಂತ ನೀರಿನಲ್ಲಿಯೂ ಜಲಸಸ್ಯಗಳಿಗೆ ಅಂಟುವಂತೆ ಮೊಟ್ಟೆ ಇಡುತ್ತದೆ. ಆದರೆ ಕೆರೆಯಲ್ಲಿ ಆ ಮೊಟ್ಟೆ ಮರಿಗಳ ಬಹುಪಾಲು ಇತರೆ ಮೀನುಗಳ ಪಾಲಾಗುವುದರಿಂದ ಇದನ್ನೂ ಬಿತ್ತನೆ ಮಾಡುವುದೇ ಸೂಕ್ತ. ಜಿಲೇಬಿ ಮೀನಿನ ವಿಚಾರ ಇದಕ್ಕೆ ವಿರುದ್ಧ. ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಸಂಖ್ಯೆ ಮಿತಿಮೀರಿ, ಕೆರೆ ತುಂಬ ಮಾರಾಟಕ್ಕೆ ಬಾರದ ಸಣ್ಣ ಮೀನುಗಳೇ ಉಳಿಯುತ್ತವೆ.

ಉತ್ಪಾದನಾ ಕೇಂದ್ರಗಳ ಕೆಲಸ ಮಳೆಗಾಲದಲ್ಲಿಯೇ ನಡೆಯುವುದರಿಂದ, ಕೆರೆ ತುಂಬಿದ ನಂತರ ಅರ್ಜಿ ಕೊಡುವ ಬದಲು ಮುಂಗಾರಿಗೆ ಮುನ್ನವೇ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸುವುದು. ಆಮ್ಲಜನಕ ತುಂಬಿದ ಚೀಲದಲ್ಲಿ ತಂದ ಮರಿಗಳನ್ನು ಒಮ್ಮೆಲೇ ಕೆರೆಗೆ ಸುರಿಯಬಾರದು. ಚೀಲವನ್ನು 15ರಿಂದ 20 ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಬಳಿಕ ಬಾಯಿ ಬಿಚ್ಚಿ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಮರಿಗಳು ತಾವಾಗಿಯೇ ಹೊರಹೋಗುವಂತೆ ಮುಂಜಾನೆ ಅಥವಾ ಸಂಜೆ ಬಿಡತಕ್ಕದ್ದು.